ಟೇಪಿಲ್ಲದ ಗೆರೆ

ಕಾರ... ಕಾರಿ... ಏನೋ ಹೆಸರಿತ್ತು. ಬಾಗಲಕೋಟೆ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಗೋಡೆ ಜಂತಿ ಸೇರುವಲ್ಲಿ ಅವ್ವ ಎಳೆಯುತ್ತಿದ್ದ ಕೆಮ್ಮಣ್ಣಿನ ಪಟ್ಟಿಗೆ. ಏಣಿ ಹಿಡಿದ ನಾನು ಮಾತಾಡಿಸಿದಲ್ಲೆಲ್ಲ ಅದು ಸೊಟ್ಟ.

ಶ್ರೀನಗರ ಬಡಾವಣೆಯ ಮಗಳ ಮನೆಗೆ ಬಂದ ಪೇಂಟರ್, ಬಣ್ಣದ ಗೆರೆ ನೇರ ಬರಲೆಂದು ಸೀಲಿಂಗ್ ಅಂಚಿಗೆ ಟೇಪ್ ಅಂಟಿಸುತ್ತಿದ್ದ.

"ನನ್ನ ಖೋಲಿಗೆ ಟೇಪ್ ಬ್ಯಾಡಪ್ಪಾ, ಕೈಲೇ ಎಳಿ."

"ಸೊಟ್ಟ ಆದ್ರೆ ನಿಮ್ಮ ಮಗಳು ಬೈತಾರಮ್ಮಾ."

ಆದರೂ ಟೇಪಿಲ್ಲದೆ ಶುರುಮಾಡಿದ. ಗೆರೆ ನೇರವಾಗಿಯೇ ಹೋಗುತ್ತಿತ್ತು. ತಡೆಯಲಾರದೆ ಊರು, ಮಕ್ಕಳು ಅಂತ ಮಾತಿಗೆಳೆದೆ. ಬಾಗಿಲ ಮೇಲೆ ಅವನ ಕೈ ಜಾರಿತು.

"ನೋಡಿ, ಮಾತಾಡ್ಸಿ ಕೆಡಿಸಿದ್ರಿ!" ಎಂದು ಒರೆಸಲು ಬಟ್ಟೆ ಎತ್ತಿದ.

"ಮುಟ್ಟಬ್ಯಾಡ. ಹಂಗೇ ಇರ್ಲಿ."

ದಿನವೂ ಮಲಗಿ ಆ ಸೊಟ್ಟನ್ನೇ ನೋಡುತ್ತೇನೆ. ಇವತ್ತು ಹೆಸರು ತಾನಾಗಿ ಬಂತು: ಕಾರಣೆ! ನನ್ನ ಹಳೆಯ ಮಾತುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುವ ಮೊಮ್ಮಗಳನ್ನು ಕೂಗಿದೆ.

"ಲಗೂನ ಬರಕೋ ಪುಟ್ಟಿ. ಪೇಂಟರ್ ಕೈ ಜಾರಿಸಿದಾಕಿ ನಾನು ಅಂತ ಮಾತ್ರ ಬರೀಬ್ಯಾಡ, ನಿಮ್ಮವ್ವ ಓದ್ತಾಳ."