ಸದ್ದು ಮಾಡದ ಲ್ಯಾಪ್‌ಟಾಪ್

ನಮ್ಮ ಯಜಮಾನರು ನನ್ನನ್ನು ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಹತ್ತೇ ನಿಮಿಷ. ಒಂದು ಲ್ಯಾಪ್‌ಟಾಪನ್ನು ಒಪ್ಪಿಕೊಳ್ಳಲು ಹನ್ನೊಂದು ತಿಂಗಳು ತೆಗೆದುಕೊಂಡರು. ನಾನು ಹೊಟ್ಟೆಕಿಚ್ಚು ಪಡಲಿಲ್ಲ ಎಂದರೆ ಸುಳ್ಳಾದೀತು.

ಅವರದು ಕಿವಿಯ ಉದ್ಯೋಗ. ಕಿವಿ ಮಂದವಾದವರ ಮನೆಗೇ ಹೋಗಿ, ಪರೀಕ್ಷೆ ಮಾಡಿ, ಶ್ರವಣಯಂತ್ರ ಕೂರಿಸಿ, ಅವರವರಿಗೆ ಹೊಂದುವ ಹಾಗೆ ಹದ ಮಾಡಿ ಬರುತ್ತಾರೆ. ಸ್ವಂತ ಕೆಲಸ, ಹಾಗಾಗಿ ಬೈಯಲು ಮೇಲಧಿಕಾರಿ ಇಲ್ಲ. ಆ ಕೊರತೆಯನ್ನು ನಾನೇ ನೀಗಿಸುತ್ತಾ ಬಂದಿದ್ದೇನೆ. ಊರಿನ ಅಜ್ಜ ಅಜ್ಜಿಯರಿಗೆಲ್ಲ ಇವರು ದೇವರಂಥ ಮನುಷ್ಯ. ಮನೆಯಲ್ಲಿ ಮಾತ್ರ ತುಟಿಯೊಳಗೇ ಗೊಣಗುತ್ತಾರೆ. ಎರಡು ಸಲ ಹೇಳಿಸದೆ ಒಂದು ಮಾತೂ ನನಗೆ ದಕ್ಕುವುದಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಕೆಲಸವೆಲ್ಲ ನಡೆಯುವುದು ಲ್ಯಾಪ್‌ಟಾಪಿನಿಂದ. ಅದರಿಂದ ಹೆಡ್‌ಫೋನಿಗೆ ಸಣ್ಣ ಸಣ್ಣ ಸದ್ದು ಹೋಗುತ್ತದೆ, ಕೇಳಿಸಿದಾಗಲೆಲ್ಲ ಕೂತವರು ಕೈ ಎತ್ತಬೇಕು. ಇವರ ಹತ್ತಿರ ಇದ್ದದ್ದು ಎಂಟು ವರ್ಷ ಹಳೆಯದು. ಬಿಸಿಯಾಯಿತೋ, ಒಳಗಿನ ಫ್ಯಾನು ಹಿಟ್ಟಿನ ಗಿರಣಿ. ಕಳೆದ ವರ್ಷ ಹೊಸ ಹೆಡ್‌ಫೋನು ತಂದಾಗ ಸರಿಯಿದೆಯೇ ನೋಡಲು ನನ್ನನ್ನು ಕೂರಿಸಿದರು, ಬಿಟ್ಟಿ ಸಿಗುವ ಕಿವಿ ಮನೆಯಲ್ಲೇ ಇದೆಯಲ್ಲ. ಪರದೆಯ ಮೇಲೆ ಬಲಗಿವಿಯ ಗೆರೆ ನೆಟ್ಟಗೆ ಬಂತು. ಎಡಗಿವಿಯದು ಮೆಟ್ಟಿಲು ಇಳಿದ ಹಾಗೆ ಕೆಳಗೆ ಹೋಯಿತು. ಅವರು ಅದನ್ನೇ ಬಹಳ ಹೊತ್ತು ನೋಡಿದರು. ಲ್ಯಾಪ್‌ಟಾಪು ನನ್ನ ಎಡಗಡೆ ಇದೆ, ಫ್ಯಾನಿನ ಸದ್ದು ಅಡ್ಡ ಬಂದಿದೆ, ಇದರ ಮಾತು ನಂಬುವ ಹಾಗಿಲ್ಲ ಎಂದರು. ಹಾಗಾದರೆ ಕುರ್ಚಿ ತಿರುಗಿಸಿ ಕೂರುತ್ತೇನೆ, ಇನ್ನೊಂದು ಸಲ ನೋಡಿ ಎಂದೆ. ಬೇಡವಂತೆ, ಹೊಸ ಲ್ಯಾಪ್‌ಟಾಪು ಬಂದ ಮೇಲೆ ನೋಡೋಣವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕುಬಿಟ್ಟೆ. ನನ್ನ ಕಿವಿಗೆ ಏನು ಧಾಡಿ?

ಅಲ್ಲಿಂದ ಶುರುವಾಯಿತು ಅಂಗಡಿ ಸುತ್ತುವ ಕೆಲಸ. ಸಲಹೆಗೆ ನನ್ನ ತಮ್ಮ ಇದ್ದೇ ಇದ್ದ. ಅವನಿಗೆ ತಿಳಿಯದ ವಿಷಯ ಒಂದೇ, ಬಾಯಿ ಯಾವಾಗ ಮುಚ್ಚಬೇಕು ಎನ್ನುವುದು. ಕೀಲಿಗಳಲ್ಲಿ ಬಣ್ಣಬಣ್ಣದ ದೀಪ ಉರಿಯುವ, ಆಟ ಆಡುವವರ ಲ್ಯಾಪ್‌ಟಾಪನ್ನು ಭಾವನಿಗೆ ಒಪ್ಪಿಸಲು ನೋಡಿದ. ತೊಂಬತ್ತು ವರ್ಷದ ಅಜ್ಜನ ಎದುರು ಅದನ್ನು ತೆರೆದರೆ ಕಿವಿಯ ಜೊತೆ ಕಣ್ಣೂ ಹೋದೀತು. ಇವರು ಕೇಳುತ್ತಿದ್ದುದು ಬೇರೆ: ನಾಲ್ಕು ಮನೆ ಮುಗಿಯುವ ತನಕ ಚಾರ್ಜು ನಿಲ್ಲಬೇಕು, ಎಲ್ಲ ವೈರುಗಳಿಗೂ ಜಾಗ ಇರಬೇಕು, ಕೆಟ್ಟರೆ ರಿಪೇರಿಯವನು ಮಾರನೇ ದಿನವೇ ಮನೆ ಬಾಗಿಲಿಗೆ ಬರಬೇಕು. ಆಫೀಸುಗಳಿಗೆಂದೇ ಮಾಡುವ ಗಟ್ಟಿ ಜಾತಿಯವು ಸಿಕ್ಕವು. ಆದರೆ ಇವರ ಕಡೆಯ ಪರೀಕ್ಷೆಯಲ್ಲಿ ಯಾವುದೂ ಪಾಸಾಗಲಿಲ್ಲ.

ಆ ಪರೀಕ್ಷೆ ನೋಡುವಂಥದ್ದು. ಲ್ಯಾಪ್‌ಟಾಪು ಬಿಸಿಯಾಗಲೆಂದು ಹತ್ತಾರು ಕೆಲಸ ಒಟ್ಟಿಗೆ ಹಚ್ಚುವುದು, ಕೀಲಿಗಳ ಮೇಲೆ ಕಿವಿಯಿಟ್ಟು ಕಣ್ಣು ಮುಚ್ಚುವುದು, ಕಾಲು ಗಂಟೆ ಹಾಗೇ ಇರುವುದು. ಕಲ್ಲಂಗಡಿ ಕೊಳ್ಳುವವರೂ ಇಷ್ಟು ಹೊತ್ತು ಕಿವಿ ಕೊಡುವುದಿಲ್ಲ. ಒಂದು ಅಂಗಡಿಯ ಹುಡುಗಿ ಹೆದರಿ, ಸಾರ್‌ಗೆ ತಲೆ ಸುತ್ತಿತೇ ಎಂದು ನನ್ನನ್ನು ಕೇಳಿದಳು. ಮೂರು ಸಲ ಕೇಳಿದಳಂತೆ. ಈಗಿನವರಿಗೆ ಬಾಯಿ ಬಿಟ್ಟು ಮಾತಾಡಲೂ ಸೋಮಾರಿತನ. ಒಂದು ಬುಸುಗುಡುತ್ತದೆ, ಇನ್ನೊಂದು ಸಿಳ್ಳೆ ಹಾಕುತ್ತದೆ ಎಂದು ಇವರು ಎಲ್ಲವನ್ನೂ ತಳ್ಳಿಹಾಕಿದರು. ನಾನೂ ಎಡಗಿವಿಯಿಟ್ಟು ನೋಡಿದೆ, ಎಲ್ಲವೂ ಒಂದೇ ಥರ ತಣ್ಣಗಿದ್ದವು. ಇದು ಬರೀ ಹಟ ಎಂದುಕೊಂಡೆ.

ಕೊನೆಗೆ ಹಳೆಯದು ಯಾರದೋ ಮನೆಯಲ್ಲಿ ಪರೀಕ್ಷೆಯ ನಡುವೆಯೇ ಕಣ್ಣು ಮುಚ್ಚಿತು. ಮಾರನೇ ದಿನ ನಾಲ್ಕು ಮನೆಗೆ ಮಾತು ಕೊಟ್ಟಾಗಿತ್ತು. ಅವತ್ತೇ ಸಂಜೆ, ಒಳಗೆ ಫ್ಯಾನೇ ಇಲ್ಲದ ಲ್ಯಾಪ್‌ಟಾಪೊಂದು ಮನೆಗೆ ಬಂತು. ಇವರೇ ಕಿವಿಯಿಟ್ಟರೂ ತಪ್ಪು ಸಿಗಲಿಲ್ಲ. ನನ್ನ ಪರೀಕ್ಷೆ ಮಾತ್ರ ಇವತ್ತು ನಾಳೆ ಎಂದು ಐದು ದಿನ ಮುಂದೆ ಹೋಯಿತು. ಆರನೇ ದಿನ ಮಧ್ಯಾಹ್ನ ನನಗೆ ರೇಗಿತು. ಕಿಟಕಿ ಮುಚ್ಚಿ, ಹೆಡ್‌ಫೋನು ನಾನೇ ಹಾಕಿಕೊಂಡು ಕೂತೆ.

ಬಲಗಿವಿಗೆ ಪಟಪಟನೆ ಕೈ ಎತ್ತಿದೆ. ಆಮೇಲೆ ಸುಮ್ಮನೆ ಕೂತೆವು. ಒಂದು ನಿಮಿಷವಾಯಿತು, ಎರಡಾಯಿತು.

"ಎಡಗಿವಿಗೆ ಶುರು ಮಾಡ್ರೀ, ಎಷ್ಟು ಹೊತ್ತು ಕೂರೋದು?" ಎಂದೆ.

 ಆಗ ಅವರ ಬೆರಳು ನೋಡಿದೆ. ಅದು ಕೀಲಿಯನ್ನು ಒತ್ತುತ್ತಲೇ ಇತ್ತು.

 ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ. ಇದೂ ಕೆಟ್ಟಿದೆ, ಅಂಗಡಿಯವನಿಗೆ ವಾಪಸ್ ಕೊಟ್ಟು ಬನ್ನಿ, ಇನ್ನೂ ಒಂದು ದಿನ ಗಡುವಿದೆ ಎಂದೆ. ಆ ಮಾತನ್ನು ನಾನೇ ನಂಬಲಿಲ್ಲ.

"ಇದು ಚೆನ್ನಾಗಿದೆ," ಎಂದರು. "ಹಳೇದೂ ಸರಿಯಾಗೇ ಹೇಳಿತ್ತು. ನಂಗೆ ಹೋದ ವರ್ಷಾನೇ ಗೊತ್ತಾಗಿತ್ತು. ಹೇಳಕ್ಕೆ ಭಯ ಆಯ್ತು."

ಊರವರಿಗೆಲ್ಲ ಇಂಥ ಸುದ್ದಿ ದಿನಕ್ಕೆ ನಾಲ್ಕು ಸಲ ಹೇಳಿ ಬರುವ ಮನುಷ್ಯ ಇವರು. ಹನ್ನೊಂದು ತಿಂಗಳಿಗೆ ಸೇರಿಸಿ ಒಟ್ಟಿಗೆ ಬೈದುಬಿಡಬೇಕೆಂದು ಬಾಯಿ ತೆರೆದೆ. ಅವರ ಕಣ್ಣು ತುಂಬಿತ್ತು.

"ಕಿವಿ ನಂದು, ಭಯ ನಿಮಗಾ?" ಎಂದೆ. 

ಅವರು ಲ್ಯಾಪ್‌ಟಾಪು ಮುಚ್ಚಿ, ಕುರ್ಚಿ ಎಳೆದುಕೊಂಡು ನನ್ನ ಬಲಗಡೆಗೆ ಬಂದು ಕೂತರು.