ಚಲಿಸುವ ಬಸ್ಸಿನಿಂದ ಇಳಿಯುವ ಪಾಠ

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಹೆಂಡತಿ ಬದುಕಿದ್ದಾಗ ಅವಳಿಗೂ ಹೇಳಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಅಜೆಕಾರಿನ ಕಡೆಯ ಒಂದು ಶಾಲೆಯಲ್ಲಿ ಮಾಸ್ಟ್ರಾಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ತರಬೇತಿ ಪಡೆದವನಿಗೆ ಏಳನೇ ತರಗತಿಯ ವಿಜ್ಞಾನ ಸಿಕ್ಕಿತ್ತು. ಜಡತ್ವದ ಪಾಠವೆಂದರೆ ನನಗೆ ಹುಮ್ಮಸ್ಸು. ಚಾಪೆ ಕೊಡವಿದರೆ ಧೂಳು ಏಕೆ ಬೀಳುತ್ತದೆ, ಸಡಿಲಾದ ಕೊಡಲಿಯ ಕಾವನ್ನು ನೆಲಕ್ಕೆ ಕುಟ್ಟಿದರೆ ಏಕೆ ಬಿಗಿಯಾಗುತ್ತದೆ, ಎಲ್ಲ ಮಾಡಿ ತೋರಿಸುತ್ತಿದ್ದೆ.

ಕಾರ್ಕಳದಿಂದ ಬರುವ ಬಸ್ಸು ಅರ್ಧ ಟಿಕೇಟಿನ ಮಕ್ಕಳಿಗಾಗಿ ಪೂರ್ತಿ ನಿಲ್ಲುತ್ತಿರಲಿಲ್ಲ. ಶಾಲೆಯ ತಿರುವಿನಲ್ಲಿ ನಿಧಾನವಾಗುತ್ತಿತ್ತು, ಹುಡುಗರು ಹಾರಿಕೊಳ್ಳುತ್ತಿದ್ದರು. ಹುಡುಗಿಯರು ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುತ್ತಿದ್ದರು. ನಿಲ್ಲಿಸು ಎಂದು ಕಂಡಕ್ಟರನಿಗೆ ಹೇಳಬೇಕಾದವನು ನಾನು. ಹೇಳುವ ಬದಲು ಅದನ್ನೇ ಉದಾಹರಣೆ ಮಾಡಿಕೊಂಡೆ. ಪಾದ ನೆಲಕ್ಕೆ ತಾಗಿ ನಿಂತರೂ ಮೈ ಬಸ್ಸಿನ ವೇಗದಲ್ಲೇ ಹೋಗುತ್ತಿರುತ್ತದೆ. ಬಸ್ಸು ಹೋಗುವ ಕಡೆಗೇ ಮುಖ ಮಾಡಿ ಇಳಿದು ಸ್ವಲ್ಪ ಓಡಬೇಕು ಎಂದು ಕಲಿಸಿದೆ.

ಒಂದು ಮಳೆಗಾಲದ ಬೆಳಿಗ್ಗೆ ನಾನೂ ಅದೇ ಬಸ್ಸಿನಲ್ಲಿದ್ದೆ, ಬಸ್ಸು ತಡವಾಗಿತ್ತು. ಮುಂದಿನ ಬಾಗಿಲಲ್ಲಿ ನನ್ನ ಎದುರು ನನ್ನದೇ ತರಗತಿಯ ಹುಡುಗಿಯೊಬ್ಬಳು ನಿಂತಿದ್ದಳು. ತಿರುವು ಬಂದರೂ ಇಳಿಯಲಿಲ್ಲ.

"ಲಂಗ ಕಾಲಿಗೆ ಸಿಕ್ತದೆ ಮಾಸ್ಟ್ರೇ" ಎಂದಳು.

"ಇಳಿ ಮಾರಾಯ್ತಿ. ನಾನು ಪಾಠ ಮಾಡಿದ್ದು ಎಂತಕ್ಕೆ?"

ಹಿಂದಿದ್ದ ಹುಡುಗರು ನಕ್ಕರು. ಅವಳು ನಾನು ಕಲಿಸಿದಂತೆಯೇ ಮುಂದಕ್ಕೆ ಮುಖ ಮಾಡಿ ಹಾರಿದಳು. ಓಡಲು ಹೊರಟಾಗ ಒದ್ದೆ ಲಂಗ ಮೊಣಕಾಲಿಗೆ ಸುತ್ತಿಕೊಂಡಿತು. ಬಿದ್ದಳು. ಹಿಂದಿನ ಚಕ್ರ ಅವಳ ಬಲಗಾಲಿನ ಮೇಲೆ ಹೋಯಿತು.

ಮಣಿಪಾಲದಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ವಿಚಾರಣೆಗೆ ಬಂದವರಿಗೆ, ಅವಳು ಹಿಂದಕ್ಕೆ ಮುಖ ಮಾಡಿ ಇಳಿದಳು, ಪಾಠ ಸರಿಯಾಗಿ ಕೇಳಿರಲಿಲ್ಲ ಎಂದು ಹೇಳಿದೆ. ಕೆಲಸ ಹೋಗುವ ಭಯ. ನಕ್ಕ ಹುಡುಗರು ನನ್ನ ಮುಖ ನೋಡಿ ಹೌದೆಂದರು.

ಆಸ್ಪತ್ರೆಗೆ ಹೋದಾಗ ಬೀಡಿ ಕಟ್ಟುವ ಅವಳ ತಾಯಿ ನನ್ನನ್ನು ಸ್ಟೂಲಿನಲ್ಲಿ ಕೂರಿಸಿದರು. ಮಾಸ್ಟ್ರು ಅಷ್ಟು ಚೆಂದ ಹೇಳಿಕೊಟ್ಟರೂ ಕಿವಿಗೆ ಹಾಕಿಕೊಳ್ಳಲಿಲ್ಲವಲ್ಲ ಎಂದು ತುಳುವಿನಲ್ಲಿ ಮಗಳಿಗೆ ಬೈದರು. ಹುಡುಗಿ ನನ್ನನ್ನು ನೋಡಿದಳು. ನಾನು ಹೇಳುತ್ತೇನೆಂದು ಕಾದಿರಬೇಕು. ನಾನು ಮೂಸಂಬಿಯ ಚೀಲವನ್ನು ಮಂಚದ ಕೆಳಗಿಟ್ಟು ಎದ್ದು ಬಂದೆ.

ಆಮೇಲೆ ಅವಳು ಶಾಲೆಗೆ ಬರಲಿಲ್ಲ. ನಾನು ನಿವೃತ್ತನಾಗುವವರೆಗೂ ಅದೇ ಪಾಠ ಮಾಡಿದೆ, ಬಸ್ಸಿನ ಉದಾಹರಣೆ ಬಿಟ್ಟು. ತಾಯಿ ಮಗಳದೇ ತಪ್ಪೆಂದು ನಂಬಿಕೊಂಡೇ ತೀರಿಹೋದರು ಎಂದು ಕೇಳಿದ್ದೇನೆ.

ನಾನು ಕ್ಷಮೆ ಕೇಳದೆ ಉಳಿದದ್ದು, ಲಂಗ ಕಾಲಿಗೆ ಸಿಗುತ್ತದೆ ಎಂದು ಮೊದಲೇ ಹೇಳಿದ ಆ ಹುಡುಗಿಯಲ್ಲಿ.