ಚೀಲ ಹಾಸಿ ಗೆದ್ದ ಲೈಬ್ರರಿ

ಅವರ ಬಲಗೈ ಹೆಬ್ಬೆರಳ ಉಗುರಿನ ಸುತ್ತ ಸದಾ ಒಣಗಿದ ಮೈದಾ ಅಂಟು ಇರುತ್ತಿತ್ತು. ಹರಿದ ಪುಸ್ತಕಗಳಿಗೆ ಹಚ್ಚಲು ಮನೆಯಿಂದಲೇ ಕಾಯಿಸಿಕೊಂಡು ತರುತ್ತಿದ್ದರು. ಯಾರಾದರೂ ಮಾತಿಗೆ ನಿಂತರೆ ಆ ಉಗುರನ್ನು ಕೆರೆಯುತ್ತಲೇ ಕೇಳಿಸಿಕೊಳ್ಳುವರು. ಕೂಡ್ಲಿಗಿಗೂ ಹಗರಿಬೊಮ್ಮನಹಳ್ಳಿಗೂ ನಡುವಿನ ನಮ್ಮೂರಿಗೆಲ್ಲ ಅವರು ಲೈಬ್ರರಿ ಅಕ್ಕೋರು.

ನಾನು ಬಸ್ಸಿನ ಕಿಟಕಿಗಳಿಗೆ ಶೇಂಗಾ ಪೊಟ್ಟಣ ಮಾರುತ್ತಾ ಬೆಳೆದು ಅಂಗಡಿ ಹಾಕಿದವನು. ಲೈಬ್ರರಿಗೆ ಹೋಗುತ್ತಿದ್ದದ್ದು ಪೇಪರಿನಲ್ಲಿ ಧಾರಣೆ ನೋಡಲು, ಅಷ್ಟೆ. ಆಗ ಅದು ಬಾಡಿಗೆಯ ಒಂದು ಕೋಣೆ. ಮಳೆ ಬಂದರೆ ಕಪಾಟಿಗೆ ಪ್ಲಾಸ್ಟಿಕ್ ಹೊದಿಸಬೇಕು.

ಹೊಸ ಕಟ್ಟಡ ಮಂಜೂರಾದ ಮೇಲೆ ತಂಟೆ ಶುರುವಾಯಿತು. ಅಕ್ಕೋರು ಕೇಳಿದ್ದು ಬಸ್ಸು ನಿಲ್ಲುವ ಕ್ರಾಸಿನ ಸರ್ಕಾರಿ ಜಾಗ. ಅಲ್ಲಿ ಮಳಿಗೆ ಕಟ್ಟೋಣ, ಲೈಬ್ರರಿ ಊರಾಚೆ ಕೆರೆಯ ಹಿಂದೆ ಇರಲಿ ಎಂದರು ಪಂಚಾಯ್ತಿಯವರು. ನನಗೆ ಅದು ಲಾಭದ ವ್ಯವಹಾರವಾಗಿ ಕಂಡಿತು.

"ಅಕ್ಕೋರ, ಸುಮ್ನ ಒಪ್ಕೊಂಡ್ಬಿಡ್ರಿ. ಅಲ್ಲಿ ಎರಡು ಪಟ್ಟು ಜಾಗ ಸಿಗತೈತಿ."

ಉಗುರು ಕೆರೆಯುವುದು ನಿಂತಿತು. "ಸಾವ್ಕಾರ್ರ, ಅಲ್ಲಿ ನೀವು ಅಂಗಡಿ ಹಾಕ್ತೀರೇನು?"

"ಅಲ್ಲಿಗೆ ಯಾರು ಬರ್ತಾರ್ರಿ?"

"ಮತ್ತ ನಾನೇನು ಕೆರೀ ಕಪ್ಪಿಗಳಿಗೆ ಓದಿಸ್ಲ್ಯಾ? ಹಳ್ಳಿಂದ ಹುಡುಗ್ಯಾರು ಬಸ್ಸಿಗೆ ಬರ್ತಾರ. ಇಳಿದು ಕೆರೀ ಹಿಂದಕ ಒಬ್ಬಾಕೀನ ಹೋಗು ಅಂದ್ರ ಯಾವ ತಾಯಿ ಕಳಸ್ತಾಳ? ನಿಮ್ಮ ಮಗಳ್ನ ನೀವು ಕಳಸ್ತೀರಾ?"

ನನ್ನ ಮಗಳು ನೌಕರಿ ಪರೀಕ್ಷೆಗೆ ಆ ಕೋಣೆಯಲ್ಲೇ ಕೂತು ಓದುತ್ತಿದ್ದಳು. ಚೌಕಾಸಿಯಲ್ಲಿ ಎಂದೂ ಸೋಲದ ನಾನು ಅವತ್ತು ಸೋತು ಅಕ್ಕೋರ ಕಡೆ ಸೇರಿದೆ.

ನಮ್ಮ ಸಂತೆಯಲ್ಲೊಂದು ರೂಢಿ. ವಾರವಾರ ಒಂದೇ ಕಡೆ ಚೀಲ ಹಾಸಿ ಕೂತವರ ಜಾಗಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ. "ಹಂಗಾದ್ರ ಕ್ರಾಸಿನ್ಯಾಗ ಚೀಲ ಹಾಸ್ರಿ," ಎಂದೆ, ಅರ್ಧ ತಮಾಷೆಗೆ.

ಮರುದಿನ ಬೆಳಿಗ್ಗೆ ಅಕ್ಕೋರು ನನ್ನ ಅಂಗಡಿಯ ಖಾಲಿ ಶೇಂಗಾ ಚೀಲಗಳನ್ನು ಕೇಳಿ ಒಯ್ದರು. ಕ್ರಾಸಿನ ಬೇವಿನ ಮರದಡಿ ಹಾಸಿ, ಪೇಪರುಗಳ ಮೇಲೆ ಕಲ್ಲಿಟ್ಟು ಕೂತೇಬಿಟ್ಟರು. ದಿನವೂ ಅದೇ. ಬಸ್ಸಿಗೆ ಕಾಯುವವರು, ಪಿಂಚಣಿದಾರರು, ಪುಸ್ತಕ ತಂದ ಹುಡುಗಿಯರು, ಎಲ್ಲರೂ ಅಲ್ಲೇ.

ಪಂಚಾಯ್ತಿ ಸದಸ್ಯನೊಬ್ಬ ಬಂದು ಗದರಿದ: "ಅಕ್ಕೋರ, ಯಾರ್ನ ಕೇಳಿ ಇಲ್ಲಿ ಕುಂತೀರಿ?"

ಪಕ್ಕದಲ್ಲಿ ಕಾಯಿಪಲ್ಯೆ ಮಾರುವ ಅಜ್ಜಿ ತಲೆ ಎತ್ತಿದಳು. "ಲೇ ತಮ್ಮಾ, ಚೀಲ ಹಾಸ್ಯಾಳ, ಕಣ್ಣಿಗೆ ಕಾಣ್ಸಂಗಿಲ್ಲೇನು? ನಿಮ್ಮಪ್ಪ ಸಂತ್ಯಾಗ ಉಳ್ಳಾಗಡ್ಡಿ ಮಾರೂ ಮುಂದ ಯಾರ್ನ ಕೇಳಿದ್ದ?"

ಕೂತವರೆಲ್ಲ ನಕ್ಕರು. ಅವನೂ ನಕ್ಕು, ಚೀಲದ ಅಂಚಿಗೆ ಕೂತು, ಒಂದು ಪೇಪರು ಎಳೆದುಕೊಂಡ. ಬೇಸಿಗೆ ಕಳೆಯುವುದರೊಳಗೆ ಕ್ರಾಸಿನ ಜಾಗ ಲೈಬ್ರರಿಗೇ ಎಂದು ಠರಾವಾಯಿತು; ಅವನೇ ಮೊದಲು ಕೈ ಎತ್ತಿದನಂತೆ.

ಈಗ ಅಲ್ಲಿ ಎರಡಂತಸ್ತಿನ ಕಟ್ಟಡ. ಹುಡುಗಿಯರ ಓದುವ ಕೋಣೆ ರಸ್ತೆಗೆ ಮುಖಮಾಡಿದೆ. ಅಲ್ಲಿ ಓದಿದ ನನ್ನ ಮಗಳು ಸರ್ಕಾರಿ ನೌಕರಿಯಲ್ಲಿದ್ದಾಳೆ. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವುದಿಷ್ಟೆ: ಜಾಗ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ, ಗಿರಾಕಿಯ ಕಾಲು ಎಲ್ಲಿ ಬೀಳುತ್ತದೆ ನೋಡಿ. ಇದನ್ನು ನನಗೆ ಕಲಿಸಿದ್ದು ಜೀವಮಾನದಲ್ಲಿ ಏನನ್ನೂ ಮಾರದ ಹೆಣ್ಣುಮಗಳು.

ನಿವೃತ್ತರಾಗಿ ಹರಪನಹಳ್ಳಿ ಸೇರಿದ್ದ ಅಕ್ಕೋರು ಒಮ್ಮೆ ಊರಿಗೆ ಬಂದರು. ನಾನೂ ಅದೇ ಬಸ್ಸಿನಲ್ಲಿದ್ದೆ. ಹಿಂದೆಲ್ಲ "ಕ್ರಾಸ್" ಎನ್ನುತ್ತಿದ್ದ ಕಡೆ ಹೊಸ ಕಂಡಕ್ಟರ್ ಕೂಗಿದ: "ಲೈಬ್ರರಿ ಯಾರ್ರೀ?"

ಅಕ್ಕೋರು ಮೆಟ್ಟಿಲ ಬಳಿ ನಿಂತುಬಿಟ್ಟರು. "ಏನಂದಿ? ಇನ್ನೊಮ್ಮಿ ಹೇಳಪಾ."

ಕಿವಿ ಮಂದವೆಂದುಕೊಂಡನೇನೋ, ಅವನು ಕ್ರಾಸಿಗೆಲ್ಲ ಕೇಳುವ ಹಾಗೆ ಕೂಗಿದ: "ಲೈಬ್ರರಿ, ಯಮ್ಮಾ! ಲೈಬ್ರರಿ ಬಂತು!"

ಆಮೇಲೆ ಅಕ್ಕೋರು ಇಳಿದರು.